ತುಂಡಾದರೂ ಸಾಯದ ನರ

ಕೈಯ ನರ ಕತ್ತರಿಸಿಹೋದರೆ ಬೆರಳಿನ ಕಡೆ ಉಳಿದ ತುಂಡು ಕೆಲವೇ ದಿನಗಳಲ್ಲಿ ಚೂರುಚೂರಾಗಿ ಕರಗಿಹೋಗುತ್ತದೆ. ಕಪ್ಪೆಯ ನಾಲಿಗೆಯ ನರಗಳನ್ನು ಕತ್ತರಿಸಿ ನೋಡಿದ ಆಗಸ್ಟಸ್ ವಾಲರ್ 1850ರಲ್ಲೇ ಇದನ್ನು ವಿವರಿಸಿದ್ದ. ಆಮೇಲೆ ಹೊಸ ತಂತು ಬೆನ್ನುಹುರಿಯ ಕಡೆಯಿಂದ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಬೆಳೆದು ಬರಬೇಕು. ಭುಜದ ಬಳಿ ಗಾಯವಾಗಿದ್ದರೆ ಅದು ಬೆರಳು ಮುಟ್ಟುವ ಹೊತ್ತಿಗೆ ವರ್ಷವೇ ಕಳೆದಿರುತ್ತದೆ, ಸ್ನಾಯು ಸೊರಗಿರುತ್ತದೆ.

ಏಡಿ, ಸೀಗಡಿಗಳ ಬಳಗಕ್ಕೆ ಸೇರಿದ ಸಿಹಿನೀರಿನ ಕ್ರೇಫಿಶ್ ಈ ಕಷ್ಟವನ್ನು ಬೇರೆಯೇ ದಾರಿಯಲ್ಲಿ ದಾಟುತ್ತದೆ. ನಮ್ಮ ಒಂದೊಂದು ಸ್ನಾಯುವನ್ನೂ ಹತ್ತಾರು, ನೂರಾರು ನರಕೋಶಗಳು ದುಡಿಸುತ್ತವೆ. ಕ್ರೇಫಿಶ್‌ನ ಇಕ್ಕುಳ ತೆರೆಯುವ ಸ್ನಾಯುವನ್ನು ಪ್ರಚೋದಿಸಲು ಇರುವುದು ಒಂದೇ ಒಂದು. ಅದರ ತಂತು ತುಂಡಾದರೆ ಕೆಲಸ ವಹಿಸಿಕೊಳ್ಳಲು ಇನ್ನೊಂದಿಲ್ಲ.

ಆದರೆ ಆ ತುಂಡು ಸಾಯುವುದಿಲ್ಲ. ಕತ್ತರಿಸಿ ವಾರಗಳಾದ ಮೇಲೂ ಅದಕ್ಕೆ ಸಣ್ಣಗೆ ವಿದ್ಯುತ್ ಮುಟ್ಟಿಸಿದರೆ ಸ್ನಾಯು ಎಂದಿನಂತೆ ಸಂಕುಚಿಸುತ್ತದೆ. ಪ್ರೋಟೀನು ತಯಾರಾಗುವ ಕೋಶದ ಒಡಲಿನಿಂದ ಬೇರ್ಪಟ್ಟ ತಂತು ತಿಂಗಳುಗಟ್ಟಲೆ ಬದುಕುವುದು ಹೇಗೆ? ಸುತ್ತ ದಪ್ಪಗೆ ಹೊದ್ದುಕೊಂಡಿರುವ ಗ್ಲಿಯಾ ಕೋಶಗಳು ತಮ್ಮಲ್ಲಿ ತಯಾರಾದ ಪ್ರೋಟೀನನ್ನು ಅದಕ್ಕೆ ದಾಟಿಸುತ್ತವೆ. ಯಜಮಾನ ಊರಲ್ಲಿಲ್ಲದಾಗ ಅಕ್ಕಪಕ್ಕದವರು ದನಕ್ಕೆ ಹುಲ್ಲು ಹಾಕಿದಂತೆ. ಇದ್ದ ಪ್ರೋಟೀನೂ ಬೇಗ ಸವೆಯುವುದಿಲ್ಲ.

ಈ ನಡುವೆ ಕೋಶದ ಕಡೆಯ ಮೊಂಡು ಚಿಗುರುತ್ತದೆ. ಚಿಗುರು ಹಳೆಯ ತುಂಡಿನ ಜೊತೆ ಬೆಸೆದುಕೊಳ್ಳಬಲ್ಲದು ಎಂಬುದಕ್ಕೆ ರೊನಾಲ್ಡ್ ಹಾಯ್, ಜಾರ್ಜ್ ಬಿಟ್ನರ್, ಡೊನಾಲ್ಡ್ ಕೆನಡಿ 1967ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪುರಾವೆ ಕೊಟ್ಟರು. ಇದರ ಲಾಭ ದೊಡ್ಡದು. ತುಂಡಿನ ತುದಿಗಳು ಸ್ನಾಯುವಿನ ಎಳೆಎಳೆಗೂ ಮೊದಲೇ ಅಂಟಿಕೊಂಡಿವೆ, ಸಂದೇಶ ರವಾನಿಸುವ ಸಂಧಿಗಳು ಹಾಗೇ ಉಳಿದಿವೆ. ಹಾಗಾಗಿ ಚಿಗುರು ಸ್ನಾಯುವಿನವರೆಗೆ ಬೆಳೆಯಬೇಕಿಲ್ಲ, ಯಾವ ಎಳೆ ತನ್ನದೆಂದು ಹುಡುಕಬೇಕಿಲ್ಲ. ಗಾಯದ ಜಾಗವೊಂದನ್ನು ದಾಟಿದರೆ ಹಳೆಯ ಸಂಪರ್ಕವೆಲ್ಲ ಒಮ್ಮೆಲೇ ಕೈಗೆ ಬರುತ್ತದೆ. ಎಲ್ಲ ಸಲವೂ ಬೆಸುಗೆ ಆಗುತ್ತದೆಂದಲ್ಲ. ಕೆಲವೊಮ್ಮೆ ಚಿಗುರುಗಳು ಹಳೆಯ ತಂತುವಿನ ಪಕ್ಕದಲ್ಲೇ ಸಾಗುತ್ತವೆ.

ಬಿಟ್ನರ್ ಇದೇ ಹಾದಿಯಲ್ಲಿ ಮುಂದುವರಿದು ಇಲಿಗಳ ನರಕ್ಕೆ ಬಂದರು. ತುಂಡಾದ ತುದಿಗಳನ್ನು ಹೊಲಿದು, ಪಾಲಿಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ ಹಚ್ಚಿ, ತಂತುಗಳ ಪೊರೆಗಳನ್ನೇ ಬೆಸೆಯುವ ವಿಧಾನ ಅದು. ಆಚೆಯ ತುಂಡು ಸಾಯುವ ಮುನ್ನ ಮಾಡಿದರಷ್ಟೇ ಫಲ. ನರ ಬೇಗ ಬೆಳೆಯುವಂತೆ ಮಾಡುವುದು ಹೇಗೆಂದು ವೈದ್ಯಕೀಯ ಬಹುಕಾಲ ಕೇಳುತ್ತ ಬಂದಿದೆ. ತುಂಡಾದ ಭಾಗವನ್ನು ಬದುಕಿಸಿಕೊಳ್ಳುವುದು ಹೇಗೆಂಬ ಪ್ರಶ್ನೆಯೂ ಅಷ್ಟೇ ಮುಖ್ಯ ಎಂದು ಈ ಪುಟ್ಟ ಜಲಚರ ಕಲಿಸಿದೆ.