ಕಾಯ್ದೆ ಬಂತು, ಕಾಸು ಬರಲಿಲ್ಲ

371ಜೆ ತಿದ್ದುಪಡಿಯಿಂದ ಕೊಪ್ಪಳ ವಿಶ್ವವಿದ್ಯಾಲಯದವರೆಗೆ: ಶಿಕ್ಷಣದ ಕಾನೂನುಗಳು ಸದನದಲ್ಲಿ ಹುಟ್ಟುವ, ಜಗ್ಗಾಟಕ್ಕೆ ಸಿಲುಕುವ, ಜಾರಿಯಲ್ಲಿ ಸೊರಗುವ ಕಥೆ

ದ್ವಿತೀಯ ಪಿಯು ಫಲಿತಾಂಶ ಬಂದು ಸಿಇಟಿ, ನೀಟ್ ರ‍್ಯಾಂಕುಗಳ ಲೆಕ್ಕ ಶುರುವಾಗುವ ಹೊತ್ತಿಗೆ ಕೊಪ್ಪಳ ಜಿಲ್ಲೆಯಲ್ಲಿ ಒಂದು ಪ್ರಶ್ನೆ ಮನೆಯಿಂದ ಮನೆಗೆ ದಾಟುತ್ತದೆ: ‘ತ್ರೀ ಸೆವೆಂಟಿ ಒನ್ ಜೆ ಸರ್ಟಿಫಿಕೇಟ್ ಮಾಡಿಸೀರೇನ್ರಿ?’ ಕುಷ್ಟಗಿ, ಯಲಬುರ್ಗಾ, ಗಂಗಾವತಿಯ ನಾಡಕಚೇರಿಗಳ ಮುಂದೆ ಅರ್ಜಿ ಹಿಡಿದ ತಂದೆ-ತಾಯಿ ನಿಲ್ಲುತ್ತಾರೆ. ಸಹಾಯಕ ಆಯುಕ್ತರ ಸಹಿ ಬಿದ್ದ ಆ ಒಂದು ಹಾಳೆ ಮಗುವಿನ ಮುಂದಿನ ಬದುಕಿನ ದಿಕ್ಕನ್ನೇ ಬದಲಿಸಬಲ್ಲದು ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ಫಲವಾದ ಆ ಹಾಳೆಯ ಹಿಂದೆ ದಶಕಗಳ ಹೋರಾಟವಿದೆ, ದೆಹಲಿಯಲ್ಲಿ ತಿರಸ್ಕಾರಗೊಂಡ ಬೇಡಿಕೆಯಿದೆ, ಸಂಸದೀಯ ಸಮಿತಿಯ ಪರಿಶೀಲನೆಯಿದೆ, ಎರಡೂ ಸದನಗಳ ಮತವಿದೆ. ಶಿಕ್ಷಣದ ಬಗ್ಗೆ ನಾವು ದಿನವೂ ಮಾತಾಡುತ್ತೇವೆ. ಆದರೆ ಶಿಕ್ಷಣದ ಕಾನೂನನ್ನು ಯಾರು ಮಂಡಿಸುತ್ತಾರೆ, ಯಾರು ತಡೆಯುತ್ತಾರೆ, ಅಂಗೀಕಾರವಾದ ಮೇಲೆ ಅದು ಎಲ್ಲಿ ನಿಂತುಬಿಡುತ್ತದೆ ಎಂಬ ಮಾತು ನಮ್ಮ ಕಟ್ಟೆಗಳಲ್ಲಿ ಬರುವುದೇ ಅಪರೂಪ. ಕೊಪ್ಪಳದಂಥ ಜಿಲ್ಲೆ ಈ ವಿಷಯದಲ್ಲಿ ಸುಮ್ಮನಿರುವಂತಿಲ್ಲ. ಈ ನೆಲ ಪಡೆದದ್ದೂ ಕಾನೂನಿನಿಂದ, ಕಳೆದುಕೊಳ್ಳುವ ಅಂಚಿಗೆ ಬಂದದ್ದೂ ಕಾನೂನಿನ ದೌರ್ಬಲ್ಯದಿಂದ.

ನಿಜಾಮನ ನಾಡಿನ ಮೂರು ತುಂಡು

1948ರ ಸೆಪ್ಟೆಂಬರ್ 17ರವರೆಗೆ ಈ ಭಾಗ ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿತ್ತು. ಕೊಪ್ಪಳ, ಯಲಬುರ್ಗಾ ಸೀಮೆ ಸಾಲಾರ್ ಜಂಗ್ ಮನೆತನದ ಜಾಗೀರು. ಆಡಳಿತದ ಭಾಷೆ ಉರ್ದು. ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ಶಾಲೆಯೇ ಅಪರೂಪ. ಇದ್ದ ಕಡೆ ಕಲಿಕೆಯ ಭಾಷೆ ಪರಕೀಯ. ಕುಕನೂರಿನ ವಿದ್ಯಾನಂದ ಗುರುಕುಲದಂಥ ರಾಷ್ಟ್ರೀಯ ಶಾಲೆಗಳು ಹುಟ್ಟಿದ್ದು ಆ ಕೊರತೆಯ ನಡುವೆ. ಸ್ವಾತಂತ್ರ್ಯಾನಂತರದ ಮೊದಲ ಲೋಕಸಭೆಗೆ ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದು ಹೋದವರು ಹೈದರಾಬಾದ್ ವಿಮೋಚನಾ ಹೋರಾಟದ ಮುಂದಾಳು ಅಳವಂಡಿ ಶಿವಮೂರ್ತಿ ಸ್ವಾಮಿ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ತುಂಡಾಯಿತು. ಮರಾಠವಾಡ ಮುಂಬೈ ರಾಜ್ಯಕ್ಕೆ, ತೆಲಂಗಾಣ ಆಂಧ್ರಕ್ಕೆ, ಕನ್ನಡದ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಮೂರರ ಹಿಂದುಳಿದಿರುವಿಕೆಯ ಕಾರಣ ಒಂದೇ. ಕಾನೂನಿನ ರಕ್ಷಣೆ ಮಾತ್ರ ಒಂದೇ ಆಗಲಿಲ್ಲ. 1956ರ ಸಂವಿಧಾನದ ಏಳನೇ ತಿದ್ದುಪಡಿಯಲ್ಲೇ ಮರಾಠವಾಡಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯ ಅವಕಾಶ ಸಿಕ್ಕಿತು. 1973ರ 32ನೇ ತಿದ್ದುಪಡಿಯ 371ಡಿ ವಿಧಿಯಿಂದ ಆಂಧ್ರಪ್ರದೇಶದಲ್ಲಿ ಸ್ಥಳೀಯರಿಗೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿ ಬಂತು. ತೆಲಂಗಾಣಕ್ಕೂ ಅದರ ಫಲ ದಕ್ಕಿತು. ಬೀದರ್, ಕಲಬುರ್ಗಿ, ರಾಯಚೂರು ಜಿಲ್ಲೆಗಳಿಗೆ ಏನೂ ಇಲ್ಲ. ರಾಯಚೂರಿನಿಂದ ಬೇರ್ಪಟ್ಟು 1997ರಲ್ಲಿ ಜಿಲ್ಲೆಯಾದ ಕೊಪ್ಪಳ ಈ ಅನ್ಯಾಯವನ್ನು ಹುಟ್ಟುತ್ತಲೇ ಹೊತ್ತುಕೊಂಡು ಬಂತು.

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ತಾಲ್ಲೂಕುಗಳನ್ನು ಅಳೆದು ತೂಗಿ ವರದಿ ಕೊಟ್ಟಿತು. ಅತ್ಯಂತ ಹಿಂದುಳಿದವು ಎಂದು ಅದು ಗುರುತಿಸಿದ 39 ತಾಲ್ಲೂಕುಗಳಲ್ಲಿ ಕುಷ್ಟಗಿ, ಯಲಬುರ್ಗಾ ಎರಡೂ ಇದ್ದವು. ಅದುವರೆಗೆ ಭಾಷಣದ ಮಾತಾಗಿದ್ದ ಅನ್ಯಾಯಕ್ಕೆ ಅಂಕಿಯ ಆಧಾರ ಸಿಕ್ಕಿತು.

ಒಂದು ತಿದ್ದುಪಡಿ ನಡೆದ ಹಾದಿ

ವಿಶೇಷ ಸ್ಥಾನಮಾನದ ಬೇಡಿಕೆಯನ್ನು ವೈಜನಾಥ ಪಾಟೀಲರಂಥ ಹೋರಾಟಗಾರರು ಬೀದಿಯಲ್ಲಿ ಜೀವಂತ ಇಟ್ಟರು. 2000ರ ದಶಕದ ಆರಂಭದಲ್ಲಿ ಕೇಂದ್ರದ ಗೃಹ ಸಚಿವರಾಗಿದ್ದ ಎಲ್.ಕೆ. ಅಡ್ವಾಣಿ ಅದನ್ನು ಒಪ್ಪಲಿಲ್ಲ. ಆದರೂ ಬೇಡಿಕೆ ಸಾಯಲಿಲ್ಲ. 2010ರ ಮಾರ್ಚ್‌ನಲ್ಲಿ ಕರ್ನಾಟಕದ ವಿಧಾನಸಭೆ ಮತ್ತು ವಿಧಾನ ಪರಿಷತ್ತು ಪ್ರತ್ಯೇಕ ನಿರ್ಣಯ ಅಂಗೀಕರಿಸಿದವು. ಆಗ ರಾಜ್ಯದಲ್ಲಿದ್ದದ್ದು ಬಿಜೆಪಿ ಸರ್ಕಾರ, ಕೇಂದ್ರದಲ್ಲಿದ್ದದ್ದು ಕಾಂಗ್ರೆಸ್ ನೇತೃತ್ವದ ಸರ್ಕಾರ. ಪಕ್ಷದ ಗೆರೆ ದಾಟಿ ನಿಂತ ಆ ನಿರ್ಣಯವೇ ಮುಂದಿನ ಎಲ್ಲಕ್ಕೂ ಬುನಾದಿಯಾಯಿತು.

ಕೇಂದ್ರದಲ್ಲಿ ಮಲ್ಲಿಕಾರ್ಜುನ ಖರ್ಗೆ ಪಟ್ಟು ಹಿಡಿದರು. 2012ರ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ವಿಧೇಯಕ ಮಂಡನೆಯಾಯಿತು. ಅದು ನೇರವಾಗಿ ಮತಕ್ಕೆ ಹೋಗಲಿಲ್ಲ, ಎಂ. ವೆಂಕಯ್ಯ ನಾಯ್ಡು ಅಧ್ಯಕ್ಷತೆಯ, ಗೃಹ ವ್ಯವಹಾರಗಳ ಸಂಸದೀಯ ಸ್ಥಾಯಿ ಸಮಿತಿಯ ಮುಂದೆ ಹೋಯಿತು. ಸಮಿತಿಯ ವರದಿ ಬಂದ ಮೇಲೆ ಡಿಸೆಂಬರ್‌ನಲ್ಲಿ ಎರಡೂ ಸದನಗಳು ಅಂಗೀಕರಿಸಿದವು. ಸಂವಿಧಾನ ತಿದ್ದುಪಡಿಯಾದ್ದರಿಂದ ಸದನದ ಒಟ್ಟು ಸದಸ್ಯರಲ್ಲಿ ಬಹುಮತವೂ ಬೇಕು, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಬೆಂಬಲವೂ ಬೇಕು. ವಿರೋಧ ಪಕ್ಷ ಕೈಜೋಡಿಸದೆ ಇದು ಆಗುವ ಕೆಲಸವಲ್ಲ. 98ನೇ ತಿದ್ದುಪಡಿಯಾಗಿ 371ಜೆ ಸಂವಿಧಾನ ಸೇರಿತು. 2013ರ ಅಕ್ಟೋಬರ್ 1ರಿಂದ ಜಾರಿಗೆ ಬಂತು.

ಅಷ್ಟಾದರೂ ವಿದ್ಯಾರ್ಥಿಯ ಕೈಗೆ ಇನ್ನೂ ಏನೂ ಸಿಕ್ಕಿರಲಿಲ್ಲ. ವಿಧಿಯು ರಾಜ್ಯಪಾಲರಿಗೆ ವಿಶೇಷ ಹೊಣೆ ಕೊಟ್ಟಿತ್ತು, ಅಷ್ಟೆ. ಎಷ್ಟು ಸೀಟು, ಯಾರಿಗೆ, ಹೇಗೆ ಎಂಬುದು 2013ರ ಕೊನೆಗೆ ಹೊರಟ ಆದೇಶಗಳಲ್ಲಿ ತೀರ್ಮಾನವಾಯಿತು. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೆ. ರಾಜ್ಯದ ಉಳಿದ ಕಡೆಯ ಸಂಸ್ಥೆಗಳಲ್ಲಿ ಶೇ 8. ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯನ್ನೇ ತೆಗೆದುಕೊಳ್ಳಿ. ರಾಜ್ಯದ ಪಾಲಿಗೆ 100 ಸೀಟು ಬಂದರೆ ಅದರಲ್ಲಿ 70 ಕಲ್ಯಾಣ ಕರ್ನಾಟಕ ಎಂದು ಕರೆಯುವ ಈ ಭಾಗದ ಮಕ್ಕಳಿಗೆ. ಬೆಂಗಳೂರಿನ ಕೋಚಿಂಗ್ ಸೆಂಟರಿನಲ್ಲಿ ಕಲಿತವರ ರ‍್ಯಾಂಕಿನ ಎದುರು, ಸರ್ಕಾರಿ ಕಾಲೇಜಿನಲ್ಲಿ ಓದಿದ ತಾವರಗೇರಾದ ಹುಡುಗಿಗೆ ಬಾಗಿಲು ತೆರೆದದ್ದು ಈ ಲೆಕ್ಕದಿಂದ. ಕಾಯ್ದೆಯಷ್ಟೇ ಆದೇಶವೂ ಮುಖ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಸದನದಲ್ಲಿ ಹುಟ್ಟಿ, ಉಪಸಮಿತಿಯಲ್ಲಿ ಸಿಕ್ಕಿಕೊಂಡ ವಿಶ್ವವಿದ್ಯಾಲಯ

371ಜೆಗೆ ದಶಕಗಳು ಹಿಡಿದವು. ಕೊಪ್ಪಳ ವಿಶ್ವವಿದ್ಯಾಲಯಕ್ಕೆ ಅಷ್ಟು ಕಾಲ ಹಿಡಿಯಲಿಲ್ಲ. ಈ ಜಿಲ್ಲೆಯ ಕಾಲೇಜುಗಳು ಮೊದಲು ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ಅಂಕಪಟ್ಟಿಯ ಒಂದು ತಿದ್ದುಪಡಿಗೂ ಇನ್ನೂರು ಕಿಲೋಮೀಟರ್‌ಗೂ ಹೆಚ್ಚು ದೂರ ಹೋಗಬೇಕಿತ್ತು. 2010ರಲ್ಲಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂದ ಮೇಲೆ ದೂರ ಕಡಿಮೆಯಾಯಿತು. ಆದರೂ ಕುಷ್ಟಗಿಯ ವಿದ್ಯಾರ್ಥಿಗೆ ಬಳ್ಳಾರಿ ಹತ್ತಿರದ ಊರೇನಲ್ಲ.

2022ರಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರದ ಉನ್ನತ ಶಿಕ್ಷಣ ಸಚಿವ ಡಾ. ಸಿ.ಎನ್. ಅಶ್ವತ್ಥನಾರಾಯಣ ಅವರ ಕಾಲದಲ್ಲಿ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ 2000ಕ್ಕೆ ತಿದ್ದುಪಡಿ ತಂದು ಕೊಪ್ಪಳ, ಬೀದರ್, ಬಾಗಲಕೋಟೆ, ಹಾವೇರಿ, ಹಾಸನ, ಕೊಡಗು, ಚಾಮರಾಜನಗರಕ್ಕೆ ಒಟ್ಟು ಏಳು ವಿಶ್ವವಿದ್ಯಾಲಯ ಕೊಡಲಾಯಿತು. ದೊಡ್ಡ ಖರ್ಚಿಲ್ಲದೆ, ಇರುವ ಕಟ್ಟಡಗಳಲ್ಲೇ, ತಂತ್ರಜ್ಞಾನದ ಬಲದಿಂದ ನಡೆಸುವ ಹೊಸ ಮಾದರಿ ಎಂದು ಸರ್ಕಾರ ಹೇಳಿತು. ಕೊಪ್ಪಳ ವಿಶ್ವವಿದ್ಯಾಲಯ ಕುಕನೂರು ತಾಲ್ಲೂಕಿನ ತಳಕಲ್‌ನಲ್ಲಿ ಎಂಜಿನಿಯರಿಂಗ್ ಕಾಲೇಜಿನ ಕಟ್ಟಡದಲ್ಲಿ ನೆಲೆ ಕಂಡಿತು.

ಖರ್ಚಿಲ್ಲದ ವಿಶ್ವವಿದ್ಯಾಲಯ ಎಂಬ ಮಾತು ಕೇಳಲು ಚೆಂದ. ಕಾಯಂ ಬೋಧಕರಿಲ್ಲದೆ, ಪ್ರಯೋಗಾಲಯವಿಲ್ಲದೆ, ಗ್ರಂಥಾಲಯವಿಲ್ಲದೆ ವಿಶ್ವವಿದ್ಯಾಲಯ ನಡೆಯುವುದಿಲ್ಲ. 2025ರ ಫೆಬ್ರುವರಿ ಹೊತ್ತಿಗೆ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಚಿವ ಸಂಪುಟ ಉಪಸಮಿತಿ, ಹಣ, ಜಾಗ, ಸಿಬ್ಬಂದಿಯ ಕೊರತೆಯ ಕಾರಣ ಕೊಟ್ಟು ಈ ಏಳು ಮತ್ತು ಬೇರೆ ಕೆಲವು ಹೊಸ ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಮುಚ್ಚುವ ಸಲಹೆ ಕೊಟ್ಟಿತು. ಹೆಚ್ಚು ಕಾಲೇಜುಗಳಿರುವ ಬೀದರ್ ಉಳಿಯಿತು. ಕೊಪ್ಪಳ ಮುಚ್ಚುವ ಪಟ್ಟಿಗೆ ಸೇರಿತು.

ವಿದ್ಯಾರ್ಥಿಗಳು ಬೀದಿಗಿಳಿದರು, ಸದನದಲ್ಲೂ ಗದ್ದಲವಾಯಿತು. ಆರಂಭಿಸಿದವರು ಹಣ ಕೊಡಲಿಲ್ಲ ಎಂದು ಆಡಳಿತ ಪಕ್ಷ, ನಡೆಸಬೇಕಾದವರು ಮನಸ್ಸು ಮಾಡಲಿಲ್ಲ ಎಂದು ವಿರೋಧ ಪಕ್ಷ. ಎರಡು ಮಾತಿನಲ್ಲೂ ಸತ್ಯದ ಪಾಲಿದೆ. ಆದರೆ ಒಂದು ಕಾನೂನಿನ ಅಂಶವನ್ನು ಜನ ನೆನಪಿಡಬೇಕು. ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯವನ್ನು ಸಚಿವ ಸಂಪುಟದ ಒಂದು ತೀರ್ಮಾನದಿಂದಷ್ಟೇ ಮುಚ್ಚಲು ಬರುವುದಿಲ್ಲ. ಮತ್ತೊಂದು ತಿದ್ದುಪಡಿ ವಿಧೇಯಕ ಸದನಕ್ಕೆ ಬರಬೇಕು, ಶಾಸಕರು ಎದ್ದು ನಿಂತು ಹೌದು ಅಥವಾ ಬೇಡ ಎನ್ನಬೇಕು. ಯಲಬುರ್ಗಾದ ಶಾಸಕ ಬಸವರಾಜ ರಾಯರಡ್ಡಿ ಉನ್ನತ ಶಿಕ್ಷಣ ಸಚಿವರಾಗಿದ್ದವರು, ಮುಖ್ಯಮಂತ್ರಿ ಸಿದ್ದರಾಮಯ್ಯನವರ ಆರ್ಥಿಕ ಸಲಹೆಗಾರರಾದವರು. ಕುಷ್ಟಗಿಯ ದೊಡ್ಡನಗೌಡ ಪಾಟೀಲರು ವಿಧಾನಸಭೆಯಲ್ಲಿ ವಿರೋಧ ಪಕ್ಷದ ಮುಖ್ಯ ಸಚೇತಕರಾದವರು. ಅಕ್ಕಪಕ್ಕದ ಎರಡು ತಾಲ್ಲೂಕುಗಳಿಂದ ಸದನದ ಎರಡೂ ಬದಿಗೆ ಇಷ್ಟು ತೂಕದ ದನಿ ಇರುವ ಜಿಲ್ಲೆ ತನ್ನ ವಿಶ್ವವಿದ್ಯಾಲಯಕ್ಕಾಗಿ ಮಾತನಾಡಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಓದದೆ ಉಳಿಯುವ ಪುಟಗಳು

ವಿಧೇಯಕವೊಂದನ್ನು ಕೈಗೆತ್ತಿಕೊಂಡು ನೋಡಿ. ಖಂಡಗಳೆಲ್ಲ ಮುಗಿದ ಮೇಲೆ ‘ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ’ ಇರುತ್ತದೆ. ಅದರ ಜೊತೆಗೇ ಹಣಕಾಸಿನ ಜ್ಞಾಪನಪತ್ರ: ಈ ಕಾನೂನಿಗೆ ಎಷ್ಟು ಖರ್ಚು, ಆ ಹಣ ಎಲ್ಲಿಂದ ಎಂಬುದನ್ನು ಸರ್ಕಾರ ಹೇಳಬೇಕಾದ ಜಾಗ ಅದು. ಅಧಿವೇಶನದ ಕೊನೆಯ ದಿನಗಳಲ್ಲಿ, ಗದ್ದಲದ ನಡುವೆ, ಧ್ವನಿಮತದಿಂದ ಒಂದರ ಹಿಂದೊಂದು ವಿಧೇಯಕ ಪಾಸಾಗುವಾಗ ಆ ಪುಟದ ಮೇಲೆ ಚರ್ಚೆಗೆ ಸಮಯವೇ ಉಳಿಯುವುದಿಲ್ಲ. ಜಂಟಿ ಸದನ ಸಮಿತಿಗೆ ಒಪ್ಪಿಸಿ ಎಂಬ ಬೇಡಿಕೆಯೂ ಬಹುಮತದ ಮುಂದೆ ಸೋಲುತ್ತದೆ. ಅಲ್ಲಿ ಕೇಳದೆ ಬಿಟ್ಟ ಪ್ರಶ್ನೆಯ ಸಾಲವನ್ನು ತಳಕಲ್‌ನ ವಿದ್ಯಾರ್ಥಿ ತೀರಿಸಬೇಕಾಗುತ್ತದೆ.

ಇಂಥ ಪರಿಶೀಲನೆಗೆಂದೇ ನಮ್ಮಲ್ಲಿ ಮೇಲ್ಮನೆಯಿದೆ. 75 ಸದಸ್ಯರ ವಿಧಾನ ಪರಿಷತ್ತಿನಲ್ಲಿ ಏಳು ಮಂದಿಯನ್ನು ಶಿಕ್ಷಕರು, ಏಳು ಮಂದಿಯನ್ನು ಪದವೀಧರರು ಆರಿಸುತ್ತಾರೆ. ಕೊಪ್ಪಳ ಸೇರುವುದು ಈಶಾನ್ಯ ಶಿಕ್ಷಕರ ಮತ್ತು ಈಶಾನ್ಯ ಪದವೀಧರರ ಕ್ಷೇತ್ರಗಳಿಗೆ. ಶಿಕ್ಷಕರ ಕ್ಷೇತ್ರದಲ್ಲಿ ಮತದಾನದ ಹಕ್ಕಿರುವುದು ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನ ಹಂತದ ಶಿಕ್ಷಕರಿಗೆ ಮಾತ್ರ. ಅಆಇಈ ಕಲಿಸುವ ಪ್ರಾಥಮಿಕ ಶಾಲೆಯ ಮೇಷ್ಟ್ರಿಗೆ, ಅಕ್ಕೋರಿಗೆ ಆ ಮತವಿಲ್ಲ. ಪರಿಷತ್ತಿನ ಶಿಕ್ಷಣದ ಚರ್ಚೆಯಲ್ಲಿ ವೇತನ, ಪಿಂಚಣಿ, ಅನುದಾನದ ಮಾತು ಜೋರಾಗಿ ಕೇಳಿ ಕಿರಿಯ ಪ್ರಾಥಮಿಕ ಶಾಲೆಯ ಕೋಣೆಯ ಮಾತು ಕ್ಷೀಣವಾಗುವುದಕ್ಕೆ ಇದೂ ಒಂದು ಕಾರಣ. ಮೇಲಾಗಿ ಪರಿಷತ್ತು ಸಾಮಾನ್ಯ ವಿಧೇಯಕವೊಂದನ್ನು ತಿಂಗಳುಗಟ್ಟಲೆ ತಡೆಯಬಲ್ಲದೇ ಹೊರತು, ವಿಧಾನಸಭೆ ಎರಡನೇ ಸಲ ಅಂಗೀಕರಿಸಿದರೆ ನಿಲ್ಲಿಸಲಾರದು.

ತಡವಾಗುವುದು ಸದನದ ಹೊರಗೂ ಉಂಟು. ಕರ್ನಾಟಕ ಶಿಕ್ಷಣ ಕಾಯ್ದೆಯ ಹೆಸರಿನಲ್ಲೇ 1983 ಎಂದಿದೆ. ರಾಷ್ಟ್ರಪತಿಗಳ ಅಂಕಿತ ಸಿಕ್ಕು ಅದು ಜಾರಿಗೆ ಬಂದದ್ದು 1995ರ ಜನವರಿಯಲ್ಲಿ. 1983ರಲ್ಲಿ ಒಂದನೇ ತರಗತಿಗೆ ಸೇರಿದ ಮಗು ಅಷ್ಟರಲ್ಲಿ ದ್ವಿತೀಯ ಪಿಯುಸಿಗೆ ಬಂದಿತ್ತು. ಶಾಲೆಯ ದಿನಗಳೆಲ್ಲ ಮುಗಿದ ಮೇಲೆ ಶಾಲೆಯ ಕಾಯ್ದೆ ಬಂದಂತಾಯಿತು.

ನಿಯಮಗಳ ಕಥೆಯೂ ಹೀಗೆಯೇ. 5, 8, 9ನೇ ತರಗತಿಯ ಬೋರ್ಡ್ ಪರೀಕ್ಷೆಗಳ ವಿವಾದ 2023, 2024ರಲ್ಲಿ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದಾಗ ಎದ್ದ ಪ್ರಶ್ನೆಗಳಲ್ಲಿ ಒಂದು: ಇಂಥ ದೊಡ್ಡ ಬದಲಾವಣೆಯನ್ನು ಸುತ್ತೋಲೆ ಹೊರಡಿಸಿ ಮಾಡಬಹುದೇ, ಇಲ್ಲ ನಿಯಮ ರೂಪಿಸಿ ಶಾಸನಸಭೆಯ ಮುಂದಿಡಬೇಕೇ? ಪರೀಕ್ಷೆ ಇದೆಯೋ ಇಲ್ಲವೋ ತಿಳಿಯದೆ ಕಂಗಾಲಾದವರು ಮಕ್ಕಳು.

ಗುಳೆ ಹೋದ ಮಗುವಿನ ಖಾತರಿ

ದೀಪಾವಳಿಯ ಹೊತ್ತಿಗೆ ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಊರುಗಳಿಂದ ಎಷ್ಟೋ ಕುಟುಂಬಗಳು ಬೆಂಗಳೂರು, ಮಂಗಳೂರು, ಗೋವೆಯ ಕಡೆ ಗುಳೆ ಹೋಗುತ್ತವೆ. ಜೊತೆಗೆ ಮಕ್ಕಳೂ ಹೋಗುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 9ನೇ ಪ್ರಕರಣ, ವಲಸೆ ಕುಟುಂಬದ ಮಕ್ಕಳ ದಾಖಲಾತಿಯನ್ನು ಖಾತರಿಪಡಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ ಎಂದು ಬರೆದಿಟ್ಟಿದೆ. ಸಂಸತ್ತು ಕೊಟ್ಟ ಮಾತು ಅದು. ಕಟ್ಟಡ ಕೆಲಸದ ಶೆಡ್ಡಿನಲ್ಲಿ ತಮ್ಮನನ್ನು ಆಡಿಸುತ್ತ ಕೂತ ಹುಡುಗಿಗೆ ಆ ಮಾತು ತಲುಪಿಸಬೇಕಾದವರು ಯಾರು ಎಂದು ಕೇಳುವುದು ಶಾಸಕರ ಕೆಲಸ. ಅವರನ್ನು ಕೇಳುವುದು ನಮ್ಮ ಕೆಲಸ.

ಅದಕ್ಕೆ ಬೇಕಾದ ಸಾಧನಗಳು ಇವೆ. ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರೆ ಸಚಿವರು ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕು. ಗಮನ ಸೆಳೆಯುವ ಸೂಚನೆಯಿದೆ, ಖಾಸಗಿ ವಿಧೇಯಕದ ಅವಕಾಶವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಾರ್ಯವೈಖರಿಯ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕೆಂದು 371ಜೆ ವಿಧಿಯೇ ಹೇಳುತ್ತದೆ. ಇತ್ತೀಚಿನ ಬಜೆಟ್‌ಗಳಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾದ ಮಂಡಳಿ ಅದು. ಆ ಹಣದಲ್ಲಿ ಹನುಮಸಾಗರದ ಶಾಲೆಗೆ ಎಷ್ಟು ಕೋಣೆ ಬಂತು, ಕಾರಟಗಿಯ ಕಾಲೇಜಿಗೆ ಎಷ್ಟು ಉಪನ್ಯಾಸಕರು ಬಂದರು ಎಂದು ವರದಿ ಹಿಡಿದು ಕೇಳುವ ಹಕ್ಕು ಪ್ರತಿ ಶಾಸಕರಿಗಿದೆ.

ಮುಂದಿನ ಅಧಿವೇಶನಕ್ಕೆ ಮುಂಚೆ ನಿಮ್ಮ ಶಾಸಕರು ಊರಿಗೆ ಬಂದಾಗ ಹಾರದ ಜೊತೆ ಮೂರು ಪ್ರಶ್ನೆ ಕೊಡಿ. ಕೊಪ್ಪಳ ವಿಶ್ವವಿದ್ಯಾಲಯಕ್ಕೆ ಈ ವರ್ಷ ಎಷ್ಟು ಹಣ, ಎಷ್ಟು ಕಾಯಂ ಹುದ್ದೆ? ಮಂಡಳಿಯ ವಾರ್ಷಿಕ ವರದಿಯ ಮೇಲೆ ನೀವು ಏನು ಮಾತಾಡಿದಿರಿ? ಗುಳೆ ಹೋದ ಮಕ್ಕಳ ಲೆಕ್ಕ ಕೇಳಿದಿರಾ? ಉತ್ತರವನ್ನು ಬರೆದಿಟ್ಟುಕೊಳ್ಳಿ, ಅಧಿವೇಶನ ಮುಗಿದ ಮೇಲೆ ಸದನದ ಕಲಾಪದೊಡನೆ ಹೋಲಿಸಿ ನೋಡಿ. 371ಜೆ ಬಂದದ್ದು ಜನ ಬೆನ್ನು ಹತ್ತಿದ್ದರಿಂದ. ಅದು ಕೊಟ್ಟದ್ದನ್ನು ಉಳಿಸಿಕೊಳ್ಳುವುದಕ್ಕೂ ಬೇರೆ ದಾರಿಯಿಲ್ಲ.