ಹಾಯಿದೋಣಿಗೆ ಎಂಥ ಇಂಜಿನ್ ಬೇಕು?

ಹಾಯಿದೋಣಿ ಗಾಳಿಯಿಂದ ಚಲಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಗಾಳಿ ನಿಂತು, ಇಳಿತದ ನೀರು ದೋಣಿಯನ್ನು ಹೊರಕ್ಕೆ ಎಳೆಯತೊಡಗಿದರೆ ಹಾಯಿಯಿಂದ ಉಪಯೋಗವಿಲ್ಲ. ಅಂಥ ಸಮಯಕ್ಕೆಂದೇ ಸಣ್ಣ ಹಾಯಿದೋಣಿಯ ಹಿಂಬದಿಗೆ ಔಟ್‌ಬೋರ್ಡ್ ಇಂಜಿನ್ ಕೂರಿಸುತ್ತಾರೆ. ನಮ್ಮ ಕರಾವಳಿಯ ನಾಡದೋಣಿಗಳಲ್ಲಿ ನಾವು ನೋಡುವುದೂ ಇದೇ ಬಗೆಯ ಇಂಜಿನ್. ಅದನ್ನು ಆರಿಸುವಾಗ ಗಮನಿಸಬೇಕಾದ ವಿಷಯಗಳು ಮೂರು.

ಮೊದಲನೆಯದು ಶಕ್ತಿ. ಎಚ್‌ಪಿ ಹೆಚ್ಚಾದಷ್ಟೂ ವೇಗ ಹೆಚ್ಚು ಎಂದು ನಾವು ತಿಳಿಯುತ್ತೇವೆ. ಆದರೆ ನೀರನ್ನು ಸೀಳಿಕೊಂಡು ಸಾಗುವ ಹಾಯಿದೋಣಿಯ ವೇಗಕ್ಕೆ ಒಂದು ಮಿತಿ ಇದೆ. ನೀರಿನ ಮಟ್ಟದಲ್ಲಿ ದೋಣಿ ಎಷ್ಟು ಅಡಿ ಉದ್ದವಿದೆಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್‌ಗಳಲ್ಲಿ ಸಿಗುತ್ತದೆ. 16 ಅಡಿಗೆ 4 × 1.34, ಅಂದರೆ ಸುಮಾರು 5.4 ನಾಟ್, ಗಂಟೆಗೆ ಸುಮಾರು 10 ಕಿ.ಮೀ. ಅದರಾಚೆ ಎಚ್‌ಪಿ ಹೆಚ್ಚಿಸಿದರೆ ಪೆಟ್ರೋಲ್ ಖರ್ಚು ಏರುತ್ತದೆ, ವೇಗ ಅಷ್ಟಾಗಿ ಏರುವುದಿಲ್ಲ. ಅರ್ಥಶಾಸ್ತ್ರದಲ್ಲಿ ಓದುವ ಇಳಿಮುಖ ಸೀಮಾಂತ ಉತ್ಪನ್ನ ನಿಯಮ ಇಲ್ಲಿ ನೆನಪಾಗುತ್ತದೆ. ಇಷ್ಟು ಉದ್ದದ ಹಗುರ ದೋಣಿಗೆ 2.5ರಿಂದ 4 ಎಚ್‌ಪಿ ಸಾಕು. 6 ಎಚ್‌ಪಿ ಇಂಜಿನ್ ಸುಮಾರು 25 ಕಿಲೋ ತೂಗುವುದರಿಂದ ದೋಣಿಯ ಹಿಂಭಾಗವೂ ತಗ್ಗುತ್ತದೆ.

ಎರಡನೆಯದು ಶಾಫ್ಟಿನ ಉದ್ದ. ಹೆಚ್ಚಿನವರು ಮರೆಯುವುದು ಇದನ್ನೇ. ಇಂಜಿನ್ ರಿಪೇರಿ ಮಾಡುವ ನಮ್ಮ ಮಾಮು ಗಿರಾಕಿಗಳಿಗೆ, "ಮೊದಲು ಟೇಪ್ ಹಿಡಿದು ಅಳೆಯಿರಿ, ಆಮೇಲೆ ಎಚ್‌ಪಿ ಮಾತಾಡೋಣ" ಎನ್ನುತ್ತಾರೆ. ಶಾಫ್ಟ್ ಸಾಮಾನ್ಯವಾಗಿ 15, 20 ಮತ್ತು 25 ಇಂಚಿನ ಅಳತೆಗಳಲ್ಲಿ ಬರುತ್ತದೆ. ಇಂಜಿನ್ ಕೂರುವ ಹಿಂಬದಿ ಹಲಗೆಯ ಮೇಲಂಚಿನಿಂದ ದೋಣಿಯ ತಳದವರೆಗೆ ನೇರವಾಗಿ ಅಳೆಯಬೇಕು. ಪ್ರೊಪೆಲ್ಲರಿನ ಮೇಲಿರುವ ಅಡ್ಡ ತಟ್ಟೆ ತಳಕ್ಕಿಂತ ಸುಮಾರು ಒಂದು ಇಂಚು ಕೆಳಗೆ ಬರಬೇಕು. ಶಾಫ್ಟ್ ಗಿಡ್ಡವಾದರೆ ಅಲೆಗೆ ಹಿಂಭಾಗ ಎದ್ದಾಗ ಪ್ರೊಪೆಲ್ಲರ್ ಗಾಳಿಯಲ್ಲಿ ತಿರುಗುತ್ತದೆ. ಇಂಜಿನ್ ಜೋರಾಗಿ ಕೂಗುತ್ತದೆ, ದೋಣಿ ಮಾತ್ರ ನಿಂತಲ್ಲೇ ಇರುತ್ತದೆ. ಅಳಿವೆಯಲ್ಲಿ ಹೀಗಾದರೆ ಜೀವಕ್ಕೇ ಅಪಾಯ.

ಮೂರನೆಯದು ಕೂರಿಸುವ ಕ್ರಮ. ಹಾಯಿದೋಣಿಯ ಹಿಂಬದಿ ನಡುವಿನಲ್ಲಿ ಚುಕ್ಕಾಣಿ ಇರುವುದರಿಂದ ಇಂಜಿನನ್ನು ಒಂದು ಪಕ್ಕಕ್ಕೆ, ಬ್ರಾಕೆಟ್ ಹಾಕಿ ಕೂರಿಸುತ್ತಾರೆ. ಆಗ ಅಳತೆಯನ್ನು ಬ್ರಾಕೆಟಿನ ಮೇಲಂಚಿನಿಂದ ತೆಗೆದುಕೊಳ್ಳಬೇಕು. ಚುಕ್ಕಾಣಿ ಪೂರ್ತಿ ತಿರುಗಿದರೂ ಪ್ರೊಪೆಲ್ಲರಿಗೆ ತಾಗಬಾರದು. ಎರಡೂ ಕ್ಲಾಂಪ್ ಸ್ಕ್ರೂಗಳನ್ನು ಬಿಗಿಮಾಡಿ, ಸ್ವಲ್ಪ ಹೊತ್ತು ಓಡಿಸಿದ ಮೇಲೆ ಮತ್ತೊಮ್ಮೆ ನೋಡಬೇಕು, ಏಕೆಂದರೆ ಕಂಪನಕ್ಕೆ ಸ್ಕ್ರೂ ಸಡಿಲವಾಗುತ್ತದೆ. ಇಂಜಿನಿನಿಂದ ದೋಣಿಯ ಗಟ್ಟಿ ಭಾಗಕ್ಕೆ ಸರಪಳಿ ಕಟ್ಟಿದರೆ, ಕಳಚಿಕೊಂಡರೂ ಅದು ಸಮುದ್ರದ ಪಾಲಾಗುವುದಿಲ್ಲ. ಇಂಜಿನ್ ಆರಿಸುವ ದಾರವನ್ನು ನಡೆಸುವವರು ಕೈಗೆ ಕಟ್ಟಿಕೊಳ್ಳಬೇಕು. ಅವರು ನೀರಿಗೆ ಬಿದ್ದರೆ ಇಂಜಿನ್ ತಾನಾಗಿ ನಿಲ್ಲುತ್ತದೆ. ಲೈಫ್ ಜಾಕೆಟ್ ಅಂತೂ ಬೇಕೇ ಬೇಕು.

ಹಾಯಿ ಬಿಚ್ಚಿದ ಮೇಲೆ ಇಂಜಿನನ್ನು ಮೇಲಕ್ಕೆ ಎತ್ತಿಡಬೇಕು, ಇಲ್ಲದಿದ್ದರೆ ಅದು ನೀರನ್ನು ತಡೆದು ವೇಗ ಕುಗ್ಗಿಸುತ್ತದೆ. ನೀರಿನಿಂದ ತಣಿಯುವ ಇಂಜಿನನ್ನು ಉಪ್ಪುನೀರಿನಿಂದ ಬಂದ ಕೂಡಲೇ ಡ್ರಮ್ಮಿನ ಸಿಹಿನೀರಿನಲ್ಲಿ ಓಡಿಸಿ ತೊಳೆಯಬೇಕು. ಹೀಗೆ ನೋಡಿಕೊಂಡ ಸಣ್ಣ ಇಂಜಿನ್, ಅಳತೆ ತಪ್ಪಿ ಕೊಂಡ ದೊಡ್ಡ ಇಂಜಿನ್‌ಗಿಂತ ಹೆಚ್ಚು ನಂಬಿಕೆಗೆ ಯೋಗ್ಯ. ಕೊಳ್ಳುವ ಮುನ್ನ ಒಂದು ಟೇಪ್ ಮತ್ತು ಹತ್ತು ನಿಮಿಷ ಖರ್ಚು ಮಾಡಿದರೆ ಸಾಕು.