ಬೆಟ್ಟದ ದಾರಿಯಲ್ಲಿ ಹಾವು ಕಡಿದಾಗ

ನೆಲಮಂಗಲ ತಾಲ್ಲೂಕಿನ ಶಿವಗಂಗೆಗೆ ಕಾರ್ತಿಕ ಸೋಮವಾರಗಳಂದೂ ಮಕರ ಸಂಕ್ರಾಂತಿಯಂದೂ ಬರುವ ಭಕ್ತರು ಅನೇಕರು. ಗಂಗಾಧರೇಶ್ವರನ ದರ್ಶನ ಮಾಡಿ, ಒಳಕಲ್ಲು ತೀರ್ಥದಲ್ಲಿ ಕೈಯಿಟ್ಟು, ತುದಿಯ ನಂದಿಯವರೆಗೆ ಬರಿಗಾಲಿನಲ್ಲಿ ಏರುವವರೂ ಉಂಟು. ಬಿಸಿಲು ತಪ್ಪಿಸಿಕೊಳ್ಳಲೆಂದು ನಸುಕಿನಲ್ಲಿಯೇ ಹೊರಡುತ್ತಾರೆ. ದೊಡ್ಡಬಳ್ಳಾಪುರ ಕಡೆಯ ಮಾಕಳಿದುರ್ಗವನ್ನು ಹತ್ತುವ ಯುವಕರ ಕ್ರಮವೂ ಇದೇ. ಬಂಡೆಯ ಸಂದು, ಒಣಹುಲ್ಲು, ನಸುಗತ್ತಲೆ, ಬರಿಗಾಲು ಇವು ಕೂಡಿದ ಕಡೆ ಹಾವಿನ ಅಪಾಯವೂ ಇರುತ್ತದೆ. ಆಂಬುಲೆನ್ಸ್ ಬೆಟ್ಟದ ಬುಡದವರೆಗೆ ಮಾತ್ರ ಬರಬಲ್ಲದು. ಅಲ್ಲಿಯವರೆಗಿನ ಹೊಣೆ ಜೊತೆಯವರದು.

ನಮ್ಮ ಸೀಮೆಯಲ್ಲಿ ಪ್ರಾಣಕ್ಕೆ ಎರವಾಗುವ ಹಾವುಗಳು ಮುಖ್ಯವಾಗಿ ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಸುಶ್ರುತಾಚಾರ್ಯರು ಕಲ್ಪಸ್ಥಾನದಲ್ಲಿ ವಿಷಸರ್ಪಗಳನ್ನು ದರ್ವೀಕರ, ಮಂಡಲಿ, ರಾಜಿಮಂತ ಎಂದು ವಿಂಗಡಿಸಿ, ಅವುಗಳ ವಿಷವು ಕ್ರಮವಾಗಿ ವಾತ, ಪಿತ್ತ, ಕಫಗಳನ್ನು ಕೆರಳಿಸುವುದೆಂದು ವಿವರಿಸಿದ್ದಾರೆ. ಹೆಡೆಯುಳ್ಳದ್ದು, ಮೈಮೇಲೆ ಮಂಡಲಗಳುಳ್ಳದ್ದು, ಗೆರೆಗಳುಳ್ಳದ್ದು ಎಂಬ ಈ ವಿಂಗಡಣೆ ಇಂದಿನ ನಾಗರ, ಮಂಡಲ, ಕಟ್ಟುಹಾವುಗಳಿಗೆ ಬಹುಮಟ್ಟಿಗೆ ಒಪ್ಪುತ್ತದೆ. ಆ ಕಾಲದ ವೀಕ್ಷಣೆ ಅಷ್ಟು ಸೂಕ್ಷ್ಮವಾಗಿತ್ತು.

ಆದರೆ ಅದೇ ಗ್ರಂಥದಲ್ಲಿ ಕಡಿತದಿಂದ ನಾಲ್ಕು ಅಂಗುಲ ಮೇಲೆ ಬಿಗಿಯಾಗಿ ಕಟ್ಟಬೇಕೆಂದೂ, ಗಾಯವನ್ನು ಕೊಯ್ದು ಹೀರಬೇಕೆಂದೂ ಹೇಳಿದೆ. ಇವುಗಳನ್ನು ಇಂದು ಮಾಡಕೂಡದು. ಆಯುರ್ವೇದದ ವೈದ್ಯರಾದ ನಾವೇ ಹೀಗೆ ಹೇಳುವುದು ಕೆಲವರಿಗೆ ಸೋಜಿಗವೆನಿಸಬಹುದು. ಆಚಾರ್ಯರ ಕಾಲದಲ್ಲಿ ಪ್ರತಿವಿಷದ ಚುಚ್ಚುಮದ್ದು ಇರಲಿಲ್ಲ. ಇದ್ದಿದ್ದರೆ ಅವರೂ ಅದನ್ನೇ ಹಿಡಿಯುತ್ತಿದ್ದರೆಂದು ನಾವು ನಂಬುತ್ತೇವೆ. ಬಿಗಿದು ಕಟ್ಟಿದರೆ ರಕ್ತಸಂಚಾರ ನಿಂತು ಅಂಗ ಕೊಳೆಯುತ್ತದೆ; ಮಂಡಲದ ಕಡಿತದಲ್ಲಿ ಈ ಹಾನಿ ಇನ್ನೂ ಹೆಚ್ಚು. ಕಟ್ಟನ್ನು ಬಿಚ್ಚಿದೊಡನೆ ಕೂಡಿದ್ದ ವಿಷ ಒಮ್ಮೆಲೇ ಮೈಗೇರುವುದೂ ಉಂಟು. ಯಾರಾದರೂ ಈಗಾಗಲೇ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಬಿಚ್ಚದೆ ಆಸ್ಪತ್ರೆಯಲ್ಲಿಯೇ ಬಿಚ್ಚಿಸಬೇಕು.

ನಮ್ಮ ತಪ್ಪೊಂದನ್ನು ಇಲ್ಲಿ ಹೇಳಲೇಬೇಕು. ವೃತ್ತಿಯ ಆರಂಭದ ವರ್ಷಗಳಲ್ಲಿ, ಹೊಲದ ಗುಡಿಸಲಿನಲ್ಲಿ ನೆಲದ ಮೇಲೆ ಮಲಗಿದ್ದ ರೈತರೊಬ್ಬರನ್ನು ಬೆಳಗಿನ ಜಾವ ಹೊಟ್ಟೆನೋವೆಂದು ನಮ್ಮಲ್ಲಿಗೆ ಕರೆತಂದರು. ಮೈಮೇಲೆ ಗಾಯ ಕಾಣಲಿಲ್ಲ. ಅಜೀರ್ಣವೆಂದು ಬಗೆದು ಚೂರ್ಣ ಕೊಟ್ಟು ಕೂರಿಸಿದೆವು. ಸ್ವಲ್ಪ ಹೊತ್ತಿಗೆ ಅವರ ರೆಪ್ಪೆಗಳು ಜೋತುಬಿದ್ದವು, ಮಾತು ತೊದಲಿತು. ಅದು ಕಟ್ಟುಹಾವಿನ ಕಡಿತ. ಅದರ ಹಲ್ಲು ಸಣ್ಣದು, ನೋವು ಅತ್ಯಲ್ಪ, ಕಡಿಯುವುದು ಹೆಚ್ಚಾಗಿ ರಾತ್ರಿ. ಬೆಂಗಳೂರಿನ ಆಸ್ಪತ್ರೆಯಲ್ಲಿ ಹಲವು ದಿನ ಕೃತಕ ಉಸಿರಾಟದ ಮೇಲಿದ್ದು ಅವರು ಬದುಕಿದರು. ನಮ್ಮಲ್ಲಿ ಕಳೆದುಹೋದ ಆ ಒಂದು ಗಂಟೆಯನ್ನು ನಾವಿನ್ನೂ ಮರೆತಿಲ್ಲ. ಜಾತ್ರೆ, ಪಾದಯಾತ್ರೆಗಳಲ್ಲಿ ಬಯಲಲ್ಲಿ ಮಲಗುವವರು ಚಾಪೆಯ ಅಂಚನ್ನು ಸೇರಿಸಿ ಸೊಳ್ಳೆಪರದೆ ಕಟ್ಟಿಕೊಳ್ಳುವುದು ಇದಕ್ಕಾಗಿಯೇ.

ಕೊಳಕುಮಂಡಲದ ಲಕ್ಷಣ ಬೇರೆ. ವಿಪರೀತ ನೋವು, ಏರುತ್ತ ಹೋಗುವ ಊತ, ವಸಡಿನಿಂದ ರಕ್ತ, ಮೂತ್ರದಲ್ಲಿ ಕೆಂಪು. ತಡವಾದರೆ ಮೂತ್ರಪಿಂಡಗಳು ಕೆಡುತ್ತವೆ.

ಕಡಿತವಾದೊಡನೆ ಜೊತೆಯವರು ಮಾಡಬೇಕಾದುದು ಸ್ವಲ್ಪವೇ. ಎಲ್ಲರೂ ಹಾವಿನಿಂದ ದೂರ ಸರಿಯಬೇಕು. ಅದನ್ನು ಹಿಡಿಯುವ, ಕೊಲ್ಲುವ ಗೊಡವೆ ಬೇಡ. ಕಲ್ಲಿನ ನಾಗನಿಗೂ ಜೀವಂತ ನಾಗನಿಗೂ ನಾವು ತೋರುವ ಎರಡು ಬಗೆಯ ನಡತೆಯನ್ನು ಬಸವಣ್ಣನವರು ಆಡಿ ತೋರಿಸಿದ್ದನ್ನು ಓದುಗರು ಬಲ್ಲರು. ಔಷಧಕ್ಕೂ ಸತ್ತ ಹಾವು ಬೇಕಿಲ್ಲ, ನಮ್ಮ ದೇಶದ ಪ್ರತಿವಿಷ ಈ ನಾಲ್ಕೂ ಹಾವುಗಳಿಗೆ ಒಂದೇ. ಉಂಗುರ, ಕಾಲುಂಗುರ, ಬಳೆ, ಗಡಿಯಾರಗಳನ್ನು ಊತ ಬರುವ ಮೊದಲೇ ತೆಗೆಯಬೇಕು. ಮುರಿದ ಮೂಳೆಗೆ ಕಟ್ಟುವಂತೆ ಕೋಲನ್ನಿಟ್ಟು ಪಂಚೆಯಿಂದ ಸಡಿಲವಾಗಿ ಸುತ್ತಿ ಅಂಗವನ್ನು ಅಲುಗದಂತಿರಿಸಬೇಕು. ರೋಗಿಯನ್ನು ನಡೆಸಬಾರದು, ನಡೆದಷ್ಟೂ ವಿಷ ಬೇಗ ಹರಡುತ್ತದೆ. ಗಟ್ಟಿಯಾದ ಕಂಬಳಿಗೆ ಎರಡು ಬೊಂಬುಗಳನ್ನು ಸೇರಿಸಿ ಡೋಲಿಯಂತೆ ಮಾಡಿ ನಾಲ್ವರು ಹೊತ್ತಿಳಿಸಬಹುದು. ವಾಂತಿಯಾಗುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಬೇಕು. ಒಬ್ಬರು ಅಷ್ಟರಲ್ಲಿ 108ಕ್ಕೆ ಕರೆ ಮಾಡಿ ಬುಡದಲ್ಲಿ ವಾಹನ ನಿಲ್ಲಿಸಿರಬೇಕು. ಕಡಿದ ಸಮಯವನ್ನು ಬರೆದಿಟ್ಟುಕೊಳ್ಳಿರಿ. ಬೇರು, ನಾಟಿ ಮದ್ದು, ಮಂತ್ರ ಯಾವುದಕ್ಕೂ ದಾರಿಯಲ್ಲಿ ನಿಲ್ಲಬೇಡಿರಿ.

2000ದಿಂದ 2019ರವರೆಗಿನ ಅವಧಿಯಲ್ಲಿ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿತದಿಂದ ಮಡಿದರೆಂದು ಅಂದಾಜಿಸಲಾಗಿದೆ. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಯೆಂದು ಘೋಷಿಸಿತು.

ಬೆಟ್ಟದಲ್ಲಿ ಇನ್ನೊಂದು ಭಯ ಹೆಜ್ಜೇನಿನದು. ಬಂಡೆಯ ಕೆಳಗಿನ ಹುಟ್ಟಿಗೆ ಹೊಗೆ, ಪಟಾಕಿ, ಕಲ್ಲು ತಾಕಿದರೆ ಎದ್ದುಬರುತ್ತವೆ. ಆಗ ನಿಲ್ಲದೆ, ಕೈಬೀಸದೆ, ಸೆರಗಿನಿಂದಲೋ ಟವೆಲಿನಿಂದಲೋ ಮುಖ ಮುಚ್ಚಿಕೊಂಡು ದೂರ ಓಡಬೇಕು. ಮುಳ್ಳುಗಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಬೇಕು. ತುಟಿ ನಾಲಿಗೆ ಊದಿ ಉಸಿರು ಕಟ್ಟಿದರೆ, ಒಂದೇ ಮುಳ್ಳು ಚುಚ್ಚಿದ್ದರೂ, ಅದಕ್ಕೆ ಅಡ್ರಿನಲಿನ್ ಚುಚ್ಚುಮದ್ದೇ ಬೇಕು. ಅರಿಸಿನ ಹಚ್ಚುತ್ತ ಕೂರುವ ಹೊತ್ತಲ್ಲ.